ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಮ್ಯಾಗಜೀನ್ ಅಂಗಡಿ, ಫ್ಯಾಷನ್ ಎಡಿಟರ್ ಆಗ್ಬೇಕು ಅಂತಿರೋರು ಒಮ್ಮೆ ಹೋಗಿ ಬನ್ನಿ

ಮುಂಬಯಿಯ ಮಾಟುಂಗಾ ಕಡೆ ಓಡಾಡುವವರಿಗೆ ಜಾಗ ಗೊತ್ತೇ ಇರ್ತದೆ, ಬೋರ್ಡಲ್ಲಿ ಮಹೇಶ್ವರಿ ಉದ್ಯಾನ ಅಂತ ಇದ್ರೂ ಎಲ್ಲರೂ ಕಿಂಗ್ಸ್ ಸರ್ಕಲ್ ಅಂತಲೇ ಹೇಳೋದು, ಅಲ್ಲಿ ಫುಟ್‌ಪಾತಲ್ಲಿ ಹಳೇ ಪುಸ್ತಕದವರು ಕೂತಿರ್ತಾರಲ್ಲ ಅಲ್ಲಿ. ಹೆಚ್ಚಿನವರ ಹತ್ರ ಇರೋದು ಇಂಜಿನಿಯರಿಂಗ್ ಪುಸ್ತಕ, ವಿಜೆಟಿಐ ಕಾಲೇಜಿನ ಹುಡುಗರು ಸೆಮಿಸ್ಟರ್ ಶುರುವಿಗೆ ತಗೊಂಡು ಪರೀಕ್ಷೆ ಮುಗಿದ ಮೇಲೆ ಅಲ್ಲಿಗೇ ತಂದು ಮಾರ್ತಾರೆ. ಅದ್ರ ನಡುವೆ ಒಬ್ಬ ಚಾಚಾ ಇದ್ದಾರೆ, ಅವರದ್ದು ಬರೀ ಮ್ಯಾಗಜೀನ್. ಅಂಗಡಿಗೆ ಹೆಸರಿಲ್ಲ, ನೀಲಿ ಟಾರ್ಪಾಲು, ಕೆಳಗೆ ಎರಡು ಮರದ ಹಲಗೆ, ಅಷ್ಟೇ. ನಾನು ಹತ್ತಿರ ಹತ್ತಿರ ಒಂದು ವರ್ಷದಿಂದ ಹೋಗ್ತಾ ಇದ್ದೇನೆ, ಇದರ ಬಗ್ಗೆ ಯಾರೂ ಬರ್ದದ್ದು ನೋಡ್ಲಿಲ್ಲ ಹಾಗಾಗಿ ನಾನೇ ಬರೀತಾ ಇದ್ದೇನೆ.

ನಾನು ಯಾಕೆ ಹೋಗೋದು ಅಂತ ಮೊದ್ಲು ಹೇಳ್ಬೇಕು. ಡೊಂಬಿವಲಿಯಿಂದ ದಿನಾ ಲೋಕಲ್ಲಲ್ಲಿ ಬಂದು ಒಂದು ಮ್ಯಾಗಜೀನಿನ ಫ್ಯಾಷನ್ ಡೆಸ್ಕಲ್ಲಿ ಅಸಿಸ್ಟೆಂಟ್ ಕೆಲಸ ಮಾಡ್ತೇನೆ, ಇದು ಎರಡನೇ ವರ್ಷ. ಊರಲ್ಲಿ ಕೇಳಿದ್ರೆ "ಮಾಡೆಲ್‌ಗಳ ಜೊತೆ ಅಲ್ವಾ ಕೆಲಸ" ಅಂತಾರೆ. ನಾನು ಮಾಡೋದು ಏನಂದ್ರೆ, ಬ್ರ್ಯಾಂಡಿನವರಿಂದ ಫೋಟೋ ಶೂಟಿಗೆ ಅಂತ ಬಟ್ಟೆ ಚಪ್ಪಲಿ ಒಡವೆ ತರಿಸೋದು, ಒಂದೊಂದನ್ನೂ ಲಿಸ್ಟಲ್ಲಿ ಬರ್ಕೊಳ್ಳೋದು, ಹೊಸ ಶೂ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸೋದು ಯಾಕಂದ್ರೆ ಸೋಲ್ ಮೇಲೆ ಒಂದು ಗೀರು ಬಿದ್ರೂ ವಾಪಸ್ ತಗೊಳ್ಳೋದಿಲ್ಲ, ಶೂಟ್ ದಿನ ಬೆಳಿಗ್ಗೆ ಬಟ್ಟೆಯ ಸುಕ್ಕು ತೆಗೆಯುವ ಸ್ಟೀಮರ್ ಹಿಡ್ಕೊಂಡು ನಿಲ್ಲೋದು, ಡ್ರೆಸ್ ಲೂಸ್ ಆದ್ರೆ ಬೆನ್ನ ಹಿಂದೆ ಕ್ಲಿಪ್ ಹಾಕಿ ಟೈಟ್ ಮಾಡೋದು, ರಾತ್ರಿ ಎಲ್ಲಾ ಮಡಚಿ ಲಿಸ್ಟ್ ನೋಡಿ ವಾಪಸ್ ಕಳ್ಸೋದು. ಇಷ್ಟು ಮಾಡ್ತಾ ಮಾಡ್ತಾ ಇಲ್ಲಿಂದ ಎಡಿಟರ್ ಕುರ್ಚಿಗೆ ದಾರಿ ಎಲ್ಲಿ ಅಂತ ನನಗೆ ಗೊತ್ತಾಗ್ತಾ ಇರ್ಲಿಲ್ಲ. ಅದಕ್ಕೇ ಕಳೆದ ವರ್ಷ ಒಂದು ಕಡೆ ವೀಕೆಂಡ್ ಕೋರ್ಸಿಗೆ ಸೇರಿದೆ, ಹೆಸರು ಬೇಡ, ಎರಡು ತಿಂಗಳ ಸಂಬಳ ಹೋಯ್ತು ಅದಕ್ಕೆ. ಆರು ಶನಿವಾರ ಪಿಪಿಟಿ ತೋರ್ಸಿದ್ರು, ಫೋಟೋ ಚೆಂದ ಇತ್ತು, ಎಡಿಟರ್ ಅಂದ್ರೆ ವಿಷನ್ ಇರ್ಬೇಕು ಅಂದ್ರು, ಒಂದು ಮ್ಯಾಗಜೀನನ್ನು ಕೈಗೆ ಕೊಟ್ಟು ಪುಟ ತಿರುಗ್ಸಿ ತೋರ್ಸಿದವರು ಒಬ್ಬರೂ ಇಲ್ಲ.

ಆ ಕೋರ್ಸ್ ಮುಗಿದ ವಾರ ಬೇಜಾರಲ್ಲಿ ಮಾಟುಂಗಾದಲ್ಲಿ ಇಳಿದು ನಡ್ಕೊಂಡು ಹೋಗುವಾಗ ಚಾಚಾ ಅಂಗಡಿ ಕಣ್ಣಿಗೆ ಬಿತ್ತು. ಮೇಲೆಯೇ ಒಂದು ದಪ್ಪ ಪುಸ್ತಕ ಇತ್ತು, ಅಮೆರಿಕನ್ ವೋಗ್ ಅನ್ನುವ ಫ್ಯಾಷನ್ ಮ್ಯಾಗಜೀನ್, ಸೆಪ್ಟೆಂಬರ್ 2007. ಅಲ್ಲಿ ಸೆಪ್ಟೆಂಬರ್ ಸಂಚಿಕೆ ಅಂದ್ರೆ ನಮ್ಮ ದೀಪಾವಳಿ ವಿಶೇಷಾಂಕ ಇದ್ದ ಹಾಗೆ, ಚಳಿಗಾಲದ ಬಟ್ಟೆ ಮಾರುಕಟ್ಟೆಗೆ ಬರುವ ಸಮಯ, ಜಾಹೀರಾತೆಲ್ಲ ಆ ತಿಂಗಳೇ ಬಂದು ಬೀಳ್ತದೆ. ಇದು 840 ಪುಟ. ಚಾಚಾ ರದ್ದಿ ತೂಗುವ ತಕ್ಕಡಿಗೆ ಹಾಕಿ ತೋರ್ಸಿದ್ರು, ಎರಡು ಕೆಜಿ ದಾಟಿತು! ಕೈಯಲ್ಲಿ ಹಿಡಿದಾಗ ನನಗೆ ಅನ್ಸಿದ್ದು, ಇಷ್ಟು ಪುಟದಲ್ಲಿ ಯಾವುದು ಎಲ್ಲಿ ಬರ್ಬೇಕು ಅಂತ ಒಬ್ಬರು ಕೂತು ತೀರ್ಮಾನ ಮಾಡಿದ್ದಾರಲ್ಲ, ಅದೇ ಅಲ್ವಾ ಆ ಕೆಲಸ. ನಾನೂರು ರುಪಾಯಿ ಹೇಳಿದ್ರು, ಮುನ್ನೂರಕ್ಕೆ ಕೊಟ್ರು.

ಆದ್ರೆ ನಿಜವಾದ ಪಾಠ ಸಿಕ್ಕಿದ್ದು ಮೂರನೇ ಸಲ ಹೋದಾಗ. ಯಾರದ್ದೋ ಮನೆ ಖಾಲಿ ಮಾಡುವಾಗ ಬಂದ ಕಟ್ಟು, 80ರ ದಶಕದ ವೋಗ್ ಏಳೆಂಟು ಇತ್ತು, ಸೆಣಬಿನ ಹಗ್ಗದಲ್ಲಿ ಕಟ್ಟಿದ್ದು. ನಾನು ಅಲ್ಲೇ ಸ್ಟೂಲಲ್ಲಿ ಕೂತು ಮಾಸ್ಟ್‌ಹೆಡ್ ಪುಟ ಹುಡುಕಿದೆ. ಮಾಸ್ಟ್‌ಹೆಡ್ ಅಂದ್ರೆ ಶುರುವಿನಲ್ಲಿ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಬರ್ತದಲ್ಲ ಕೆಲಸ ಮಾಡುವವರ ಹೆಸರಿನ ಪಟ್ಟಿ, ಯಾರೂ ಓದದ ಪುಟ ಅದು. 1984ರ ಸಂಚಿಕೆಯಲ್ಲಿ ಎಲ್ಲಕ್ಕಿಂತ ಮೇಲೆ ಗ್ರೇಸ್ ಮಿರಾಬೆಲ್ಲಾ, ಎಡಿಟರ್ ಇನ್ ಚೀಫ್. ಅವರ ಕೆಳಗೆ ಕ್ರಿಯೇಟಿವ್ ಡೈರೆಕ್ಟರ್ ಅಂತ ಆನಾ ವಿಂಟೂರ್. 1987ರದ್ದು ತೆಗೆದ್ರೆ ಮೇಲೆ ಮಿರಾಬೆಲ್ಲಾ ಹಾಗೇ ಇದ್ದಾರೆ, ವಿಂಟೂರ್ ಹೆಸರೇ ಇಲ್ಲ. 1989ರದ್ದು ತೆಗೆದೆ, ಎಲ್ಲಕ್ಕಿಂತ ಮೇಲೆ ವಿಂಟೂರ್, ಮಿರಾಬೆಲ್ಲಾ ಇಲ್ಲ. ಮೂರು ಪುಸ್ತಕ ಮಂಡಿ ಮೇಲೆ ಇಟ್ಕೊಂಡು ನಾನು ಸುಮ್ನೆ ಕೂತೆ, ಬಸ್ಸಿನ ಹಾರ್ನ್ ಕೂಡ ಕೇಳ್ಲಿಲ್ಲ ನನಗೆ.

ನಡುವೆ ಏನಾಯ್ತು ಅಂತ ಮನೆಗೆ ಬಂದು ಓದಿದೆ. ವಿಂಟೂರ್ ಅಪ್ಪ ಚಾರ್ಲ್ಸ್ ವಿಂಟೂರ್ ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯ ಸಂಪಾದಕರಾಗಿದ್ರು, ಹಾಗಾಗಿ ಬಾಗಿಲು ತಟ್ಟುವುದು ಇವರಿಗೆ ನಮ್ಮಷ್ಟು ಕಷ್ಟ ಇರ್ಲಿಲ್ಲ, ಅದು ಹೇಳ್ಲೇಬೇಕು. ಕಾಲೇಜಿಗೆ ಹೋಗ್ಲಿಲ್ಲ. 1970ರಲ್ಲಿ ಹಾರ್ಪರ್ಸ್ ಅಂಡ್ ಕ್ವೀನ್ ಅನ್ನುವ ಮ್ಯಾಗಜೀನಲ್ಲಿ ಎಡಿಟೋರಿಯಲ್ ಅಸಿಸ್ಟೆಂಟ್, ಅಂದ್ರೆ ನಾನು ಈಗ ಇರುವ ಮೆಟ್ಟಿಲು. 1975ರಲ್ಲಿ ನ್ಯೂಯಾರ್ಕಿಗೆ ಬಂದು ಹಾರ್ಪರ್ಸ್ ಬಜಾರ್ ಸೇರಿ ಒಂಬತ್ತು ತಿಂಗಳಲ್ಲೇ ಕೆಲಸ ಕಳ್ಕೊಂಡ್ರು. ಆಮೇಲೆ ಬೇರೆ ಬೇರೆ ಮ್ಯಾಗಜೀನು, 1981ರಲ್ಲಿ ನ್ಯೂಯಾರ್ಕ್ ಮ್ಯಾಗಜೀನ್, 1983ರಲ್ಲಿ ವೋಗ್, ಅಲ್ಲಿಂದ ಬ್ರಿಟಿಷ್ ವೋಗಿಗೆ ಎಡಿಟರ್ ಆಗಿ ಲಂಡನ್ನಿಗೆ ವಾಪಸ್, ಪಟ್ಟಿಯಲ್ಲಿ ಹೆಸರು ಮಾಯ ಆದದ್ದು ಅದಕ್ಕೆ, ಮತ್ತೆ ನ್ಯೂಯಾರ್ಕಿಗೆ ಬಂದು ಸ್ವಲ್ಪ ಸಮಯ ಹೌಸ್ ಅಂಡ್ ಗಾರ್ಡನ್, 1988ರಲ್ಲಿ ವೋಗಿನ ತುದಿ. ಆ ಕುರ್ಚಿ ಬಿಟ್ಟದ್ದು 2025ರಲ್ಲಿ. ಒಂಬತ್ತು ತಿಂಗಳಲ್ಲಿ ಕೆಲಸ ಕಳ್ಕೊಂಡವರನ್ನು ಮೂವತ್ತೇಳು ವರ್ಷ ಯಾರೂ ಕದಲಿಸ್ಲಿಕ್ಕೆ ಆಗ್ಲಿಲ್ಲ.

ಅದೇ ವಾರ ಶೂಟಲ್ಲಿ ಒಂದು ಜೊತೆ ಜುಮ್ಕಿಯಲ್ಲಿ ಒಂದು ಕಳ್ದುಹೋಗಿ ನನಗೆ ಎಲ್ಲರ ಎದುರು ಬೈಗುಳ ಬಿದ್ದಿತ್ತು, ಬಾತ್ರೂಮಲ್ಲಿ ಹೋಗಿ ಅತ್ತಿದ್ದೆ. ಹಾಗಾಗಿ ಆ ಒಂಬತ್ತು ತಿಂಗಳ ಸಾಲನ್ನು ನಾನು ಎರಡೆರಡು ಸಲ ಓದಿದೆ.

ಮಿರಾಬೆಲ್ಲಾ ಬಗ್ಗೆ ಓದಿ ಮಾತ್ರ ಬೇಸರ ಆಯ್ತು. 1971ರಲ್ಲಿ ಡಯಾನಾ ವ್ರೀಲ್ಯಾಂಡನ್ನು ತೆಗೆದು ಇವರನ್ನು ಕೂರ್ಸಿದ್ದು, ವ್ರೀಲ್ಯಾಂಡ್ ಅಂದ್ರೆ ಕನಸಿನಂಥ ಪುಟ ಮಾಡುವವರು, ಮಿರಾಬೆಲ್ಲಾ ಬಂದು ಆಫೀಸಿಗೆ ಹೋಗುವ ಹೆಂಗಸು ಏನು ಹಾಕ್ಬೇಕು ಅನ್ನೋದನ್ನು ತಂದ್ರು, ನಾಲ್ಕು ಲಕ್ಷ ಇದ್ದ ಪ್ರಸಾರ ಇವರ ಕಾಲದಲ್ಲಿ ಹನ್ನೆರಡು ಲಕ್ಷ ಆಯ್ತು. ಆದ್ರೂ ಹದಿನೇಳು ವರ್ಷದ ಮೇಲೆ ಕೆಲಸ ಹೋದ ಸುದ್ದಿ ಅವರಿಗೆ ಮುಟ್ಟಿದ್ದು ಟಿವಿಯಿಂದ. ಎಡಿಟರ್ ಆಗ್ಬೇಕು ಅನ್ನೋರು ಇದನ್ನೂ ತಿಳ್ಕೊಂಡಿರ್ಬೇಕು ಅಂತ ನನ್ನ ಅಭಿಪ್ರಾಯ, ಕೋರ್ಸಲ್ಲಿ ಇದನ್ನು ಯಾರೂ ಹೇಳೋದಿಲ್ಲ.

ಈಗ ನಮ್ಮ ಮುಂಬಯಿಯದ್ದು. ಚಾಚಾ ಹತ್ರ ಈವ್ಸ್ ವೀಕ್ಲಿ ಮತ್ತು ಫೆಮಿನಾ ಅನ್ನುವ ಹೆಂಗಸರ ಪತ್ರಿಕೆಗಳ ಹಳೇ ಸಂಚಿಕೆ ಸುಮಾರು ಬರ್ತದೆ, ಪಕ್ಕದಲ್ಲೇ ದಾದರ್ ಪಾರ್ಸಿ ಕಾಲೊನಿ ಅಲ್ವಾ, ಅಲ್ಲಿನ ಮನೆಗಳಲ್ಲಿ ಜನ ಜೋಪಾನ ಮಾಡಿ ಇಟ್ಟಿರ್ತಾರೆ. ಈವ್ಸ್ ವೀಕ್ಲಿಯ ಎಡಿಟರ್ ಜಾಗದಲ್ಲಿ ಗುಲ್ಶನ್ ಎವಿಂಗ್, 1966ರಿಂದ 1989ರ ತನಕ, ಮುಂಬಯಿಯಲ್ಲೇ ಹುಟ್ಟಿದ ಪಾರ್ಸಿ ಹೆಂಗಸು, ಜೊತೆಗೆ ಸ್ಟಾರ್ ಅಂಡ್ ಸ್ಟೈಲ್ ಅನ್ನುವ ಸಿನಿಮಾ ಪತ್ರಿಕೆಯನ್ನೂ ನಡೆಸಿದ್ರು. ಇಂದಿರಾ ಗಾಂಧಿ ಸಂದರ್ಶನ ಮಾಡಿದವರು. ಮಿಸ್ ವರ್ಲ್ಡ್ ಗೆದ್ದ ರೀಟಾ ಫರಿಯಾ 1966ರಲ್ಲಿ ಈವ್ಸ್ ವೀಕ್ಲಿಯ ಸ್ಪರ್ಧೆಯಿಂದಲೇ ಹೋದದ್ದು. ಎವಿಂಗ್ 2020ರ ಏಪ್ರಿಲಲ್ಲಿ ಲಂಡನ್ನಲ್ಲಿ ಕೊರೊನಾದಿಂದ ತೀರಿಹೋದ್ರು, 92 ವರ್ಷ. ನಾನು ಇವರ ಹೆಸರು ಕೇಳಿದ್ದು ಈ ಫುಟ್‌ಪಾತಲ್ಲಿ ಅಂದ್ರೆ ನಮ್ಮ ಕೋರ್ಸು ಎಂಥದ್ದಿತ್ತು ನೋಡಿ, ಇದೇ ಊರಲ್ಲಿ ಇಪ್ಪತ್ಮೂರು ವರ್ಷ ಎಡಿಟರ್ ಆಗಿದ್ದವರು! ಫೆಮಿನಾ 1959ರಲ್ಲಿ ಶುರುವಾದದ್ದು, ಅದರಲ್ಲಿ ವಿಮಲಾ ಪಾಟೀಲ್ ಹೆಸರು 70ರ ದಶಕದಿಂದ ಸಂಚಿಕೆ ಮೇಲೆ ಸಂಚಿಕೆ ಬರ್ತಾ ಹೋಗ್ತದೆ. ಎಲ್ (Elle) ಅನ್ನುವ ಫ್ಯಾಷನ್ ಮ್ಯಾಗಜೀನ್ ಇಲ್ಲಿಗೆ 1996ರಲ್ಲಿ, ವೋಗ್ ಇಂಡಿಯಾ 2007ರಲ್ಲಿ ಬಂತು, ವೋಗಿಗೆ ಮೊದಲ ಎಡಿಟರ್ ಪ್ರಿಯಾ ತನ್ನಾ 2021ರ ತನಕ. ಇವರೆಲ್ಲರ ಮಾಸ್ಟ್‌ಹೆಡ್ ಫೋಟೋ ತೆಗೆದು ಫೋನಲ್ಲಿ ಒಂದು ಫೋಲ್ಡರ್ ಮಾಡಿದ್ದೇನೆ. ಅದ್ರಲ್ಲಿ ಒಂದು ಹೆಸರು ಕೆಳಗಿನ ಸಾಲಿಂದ ವರ್ಷ ವರ್ಷ ಒಂದೊಂದು ಮೆಟ್ಟಿಲು ಮೇಲೆ ಹೋಗೋದು ನೋಡ್ತಾ ಹೋದ್ರೆ, ಅಸಿಸ್ಟೆಂಟಿಂದ ಎಡಿಟರ್ ತನಕ ಎಷ್ಟು ಸಮಯ ಬೇಕಾಗ್ತದೆ ಅನ್ನೋದು ಕಣ್ಣಿಗೇ ಕಾಣ್ತದೆ.

ಇನ್ನು ಅಂಗಡಿಯ ಕುಂದು ಹೇಳ್ಬೇಕು. ಯಾವುದೂ ವರ್ಷದ ಪ್ರಕಾರ ಇರೋದಿಲ್ಲ, ಸೈಜಿನ ಪ್ರಕಾರ ಅಟ್ಟಿ ಹಾಕಿರ್ತಾರೆ, ನೀವೇ ಹುಡುಕ್ಬೇಕು, ಧೂಳಿಗೆ ಸೀನು ಬರ್ತದೆ, ಮಾಸ್ಕ್ ತಗೊಂಡು ಹೋಗಿ. ರೇಟು ದಪ್ಪ ನೋಡಿ ಮತ್ತೆ ನಿಮ್ಮ ಮುಖ ನೋಡಿ ಹೇಳ್ತಾರೆ, ಫೆಮಿನಾ ಐವತ್ತಕ್ಕೆ ಸಿಗ್ತದೆ, ಫಾರಿನ್ನಿನದ್ದು ನೂರೈವತ್ತರಿಂದ ಮೇಲೆ, ಚರ್ಚೆ ಮಾಡಿದ್ರೆ ಕಾಲು ಭಾಗ ಕಮ್ಮಿ ಆಗ್ತದೆ ಅದಕ್ಕಿಂತ ಹೆಚ್ಚು ಆಗೋದಿಲ್ಲ. ಜೂನಿಂದ ಸೆಪ್ಟೆಂಬರ್ ತನಕ ಹೋಗ್ಬೇಡಿ, ಟಾರ್ಪಾಲು ಇದ್ರೂ ಗ್ಲಾಸಿ ಪೇಪರು ತೇವಕ್ಕೆ ಒಂದಕ್ಕೊಂದು ಅಂಟಿ ಬಿಡಿಸುವಾಗ ಹರೀತದೆ, ನಾನು ಇನ್ನೂರು ಕೊಟ್ಟು ತಂದ ಒಂದು ಸಂಚಿಕೆ ಅರ್ಧ ಹಾಗೇ ಹೋಯ್ತು, ವಾಪಸ್ ತಗೊಳ್ಳೋದಿಲ್ಲ. ಯುಪಿಐ ಉಂಟು.

ಒಮ್ಮೆ ಒಂದು ಫೆಮಿನಾ ತಂದು ಮನೇಲಿ ನೋಡಿದ್ರೆ ನಡುವಿನ ಆರೇಳು ಪುಟದಲ್ಲಿ ಕಿಟಕಿ ಕಿಟಕಿ ಹಾಗೆ ತೂತು. ಕೋಪ ಬಂತು, ಕಾರ್ಕಳಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರ್ಸಿದೆ. ಅಮ್ಮ ಇಪ್ಪತ್ತೈದು ವರ್ಷದಿಂದ ಬ್ಲೌಸ್ ಹೊಲಿಯೋದು. ನೋಡಿದ ಕೂಡ್ಲೇ ಹೇಳಿದ್ರು, "ಅದು ಟೈಲರ್ ಅಂಗಡಿಯ ಪುಸ್ತಕ ಮಗಾ, ಕುತ್ತಿಗೆ ಡಿಸೈನ್ ಕತ್ತರಿಸಿ ತೆಗ್ದದ್ದು. ನಾವೂ ಹಾಗೇ ಮಾಡೋದು, ಗಿರಾಕಿ ಇದೇ ಬೇಕು ಹೇಳಿದ್ರೆ ಕತ್ತರಿಸಿ ಬ್ಲೌಸ್‌ಪೀಸಿಗೆ ಪಿನ್ ಮಾಡಿ ಇಡೋದು, ಇಲ್ಲದಿದ್ರೆ ಆಮೇಲೆ ಮರ್ತುಹೋಗ್ತದೆ." ಹೌದು, ತೂತೆಲ್ಲ ಸರಿಯಾಗಿ ಮಾಡೆಲ್‌ಗಳ ಕುತ್ತಿಗೆಯಿಂದ ಭುಜದ ತನಕ ಇತ್ತು, ಮುಖ ಹಾಗೇ ಉಂಟು. ಒಂದು ಕಡೆ ಅಂಚಿನಲ್ಲಿ ನೀಲಿ ಚಾಕಿನ ಗುರುತು ಕೂಡ ಉಳಿದಿತ್ತು. ಆ ಪುಟ ಮಾಡಿದ ಎಡಿಟರ್ ಯಾವುದೋ ಶೂಟಲ್ಲಿ ನಿಂತು ಆ ಕುತ್ತಿಗೆ ಕಾಣ್ಬೇಕು ಅಂತ ಕೂದಲು ಹಿಂದೆ ಸರಿಸ್ಲಿಕ್ಕೆ ಹೇಳಿರ್ತಾರೆ, ಅದನ್ನು ನೋಡಿ ಯಾರೋ ಒಬ್ಬರು ಹೆಂಗಸು ಟೈಲರ್ ಹತ್ರ ಇದೇ ಬೇಕು ಅಂದಿರ್ತಾರೆ. ಮರುದಿನ ಆಫೀಸಲ್ಲಿ ಸೀರೆ ಪುಟದ ಲೇಔಟ್ ನೋಡುವಾಗ ಬ್ಲೌಸಿನ ಬೆನ್ನು ಕಾಣುವ ಒಂದು ಫೋಟೋ ಕೂಡ ಹಾಕುವಾ ಅಂತ ನಾನು ಬಾಯಿಬಿಟ್ಟು ಹೇಳಿದೆ, ಹಾಕಿದ್ರು. ನಾನು ಹೇಳಿದ ಮಾತಿಂದ ಪುಟದಲ್ಲಿ ಒಂದು ಫೋಟೋ ಬಂದದ್ದು ಅದೇ ಮೊದಲು.

ಚಾಚಾ ಬಗ್ಗೆ ಒಂದು ಮಾತು. ಓದ್ಲಿಕ್ಕೆ ಬರೋದಿಲ್ಲ ಅವರಿಗೆ ಇಂಗ್ಲಿಷ್, ಆದ್ರೆ ಕವರ್ ನೋಡಿ ಯಾವ ಕಾಲದ್ದು ಅಂತ ಹೇಳ್ತಾರೆ, ಮತ್ತೆ ನಾನು ಮಾಸ್ಟ್‌ಹೆಡ್ ಹುಡುಕೋದು ನೋಡಿ ನೋಡಿ ಈಗ ಅವರೇ ಆ ಪುಟ ಬಿಡಿಸಿ "ಬೇಟಾ, ನಾಮ್ ವಾಲಾ ಪನ್ನಾ" ಅಂತ ಕೈಗೆ ಕೊಡ್ತಾರೆ. ಸಂಜೆ ಐದರ ಮೇಲೆ ರಷ್ಷಿಗೆ ಕೂರ್ಲಿಕ್ಕೆ ಬಿಡೋದಿಲ್ಲ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದ್ರೆ ಸ್ಟೂಲ್ ಸಿಗ್ತದೆ. ಮೊದ್ಲು ತಿಂಡಿ ಮುಗಿಸ್ಕೊಂಡು ಹೋಗಿ, ಕೆಫೆ ಮದ್ರಾಸಿನ ಕ್ಯೂ ಭಾನುವಾರ ಉದ್ದ ಇರ್ತದೆ, ಪುಸ್ತಕದ ಕಟ್ಟು ಹಿಡ್ಕೊಂಡು ಆ ಕ್ಯೂಲಿ ನಿಲ್ಲೋದು ಕಷ್ಟ.

ಐದಕ್ಕೆ ನಾಲ್ಕೂವರೆ ಕೊಡ್ತೇನೆ, ಅರ್ಧ ಕಡಿಮೆ ಆದದ್ದು ಆ ಇನ್ನೂರು ರುಪಾಯಿಯ ಅಂಟಿದ ಪುಸ್ತಕಕ್ಕೆ.

ಆಮೇಲೆ ಒಂದು ಕೋರಿಕೆ. ನಾನು ಹುಡುಕ್ತಾ ಇರೋದು 1988 ನವೆಂಬರಿನ ಅಮೆರಿಕನ್ ವೋಗ್, ವಿಂಟೂರ್ ಎಡಿಟರ್ ಆಗಿ ಮಾಡಿದ ಮೊದಲ ಕವರ್. ಪೀಟರ್ ಲಿಂಡ್‌ಬರ್ಗ್ ತೆಗೆದ ಫೋಟೋ, ಮಾಡೆಲ್ ಮಿಕೇಲಾ ಬೆರ್ಕು, ಮೇಲೆ ಡಿಸೈನರ್ ಕ್ರಿಶ್ಚಿಯನ್ ಲಾಕ್ರುವಾನ 10,000 ಡಾಲರಿನ ಕಲ್ಲು ಕೂರಿಸಿದ ಜಾಕೆಟ್, ಕೆಳಗೆ 50 ಡಾಲರಿನ ಜೀನ್ಸ್. ಜಾಕೆಟ್ಟಿನ ಜೊತೆಯ ಸ್ಕರ್ಟ್ ಅವಳಿಗೆ ಟೈಟ್ ಆಯ್ತು, ಹಾಗಾಗಿ ಜೀನ್ಸ್ ಹಾಕ್ಸಿದ್ದು. ಕವರಿಗೆ ಅಂತ ತೆಗೆದ ಫೋಟೋವೇ ಅಲ್ಲ ಅದು. ಪ್ರಿಂಟಿಂಗ್ ಪ್ರೆಸ್ಸಿನವರು ಇದೇನು ತಪ್ಪಾಗಿ ಬಂದಿದೆಯಾ ಅಂತ ಫೋನ್ ಮಾಡಿ ಕೇಳಿದ್ರಂತೆ. ಚಾಚಾಗೆ ಫೋನಲ್ಲಿ ಕವರ್ ತೋರ್ಸಿ ಇಟ್ಟಿದ್ದೇನೆ, ಪಾರ್ಸಿ ಕಾಲೊನಿಯಿಂದ ಒಂದು ದೊಡ್ಡ ಲಾಟು ಬರ್ಲಿಕ್ಕುಂಟು ಹೇಳಿದ್ದಾರೆ. ನೀವು ನನಗಿಂತ ಮೊದ್ಲು ಹೋಗಿ ನಿಮಗೆ ಸಿಕ್ಕಿದ್ರೆ ತಗೊಳ್ಳಿ, ಪರವಾಗಿಲ್ಲ, ಮಾಸ್ಟ್‌ಹೆಡ್ ಪುಟದ ಒಂದು ಫೋಟೋ ಮಾತ್ರ ನನಗೆ ಕಳ್ಸಿ.