ನರ್ವ್ ಮಾನಿಟರ್ ಜೊತೆ ಆರು ವರ್ಷ: ಹುಡುಕುವ ಕೆಲಸ ನಮ್ಮದೇ

ಥೈರಾಯ್ಡ್ ಆಪರೇಷನ್‌ಗೆ ನರ್ವ್ ಮಾನಿಟರ್ ಬಳಸಲು ಶುರುಮಾಡಿ ಆರು ವರ್ಷವಾಯಿತು. ಥೈರಾಯ್ಡ್ ಗ್ರಂಥಿಯ ಹಿಂದೆ ಹಾದುಹೋಗುವ, ಧ್ವನಿತಂತುಗಳನ್ನು ಆಡಿಸುವ ನರ (ರಿಕರೆಂಟ್ ಲ್ಯಾರಿಂಜಿಯಲ್) ಸರಿಯಾಗಿದೆಯೇ ಎಂದು ತೋರಿಸುವ ಮೆಷಿನ್ ಇದು. ಮೊದಲ ವಾರ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು. ಒಂದು ಸ್ಟಾರ್ ಟ್ಯೂಬಿನ ಕಾಟಕ್ಕೆ ಹೋಯಿತು.

ಉಸಿರಾಟದ ಟ್ಯೂಬಿನ ಮೇಲಿರುವ ಎಲೆಕ್ಟ್ರೋಡ್‌ಗಳು ಧ್ವನಿತಂತುಗಳಿಗೆ ತಾಗಿ ಕೂರಬೇಕು. ಪ್ರೋಬಿನಿಂದ ನರಕ್ಕೆ 1 ಮಿಲಿಆಂಪ್ ಕರೆಂಟ್ ಮುಟ್ಟಿಸಿದರೆ ಸ್ನಾಯು ಮಿಡಿಯುತ್ತದೆ, ಪರದೆಯಲ್ಲಿ ಅಲೆ ಬರುತ್ತದೆ, ಟಕ್ ಟಕ್ ಸದ್ದು ಕೇಳುತ್ತದೆ. ಅಷ್ಟೇ.

ಆದರೆ ಪ್ರೋಬ್ ಇಡುವುದು ಎಲ್ಲಿ? ಅದನ್ನು ಮೆಷಿನ್ ಹೇಳಲ್ಲ. ಅದಕ್ಕೆ ಹಳೇ ಗುರುತುಗಳೇ ಗತಿ. ಗ್ರಂಥಿಯನ್ನು ಒಳಕ್ಕೆ ಮಗುಚಿದರೆ ಹಿಂಬದಿಯಲ್ಲಿ ಝುಕರ್‌ಕ್ಯಾಂಡಲ್ ಗಂಟು (ಗ್ರಂಥಿಯದೇ ಒಂದು ಉಬ್ಬು) ಕಾಣುತ್ತದೆ. ಮೆಲ್ಲಗೆ ಎತ್ತಿ ನೋಡಿ, ನರ ಸಾಮಾನ್ಯವಾಗಿ ಅದರಡಿಯಲ್ಲೇ ಇರುತ್ತದೆ: ಬಿಳಿ ದಾರದ ಹಾಗೆ, ಮೈಮೇಲೆ ಕೂದಲೆಳೆಯಂಥ ರಕ್ತನಾಳ. ಕೆಳಗಿನ ಥೈರಾಯ್ಡ್ ಅಪಧಮನಿಯನ್ನು ಮಾತ್ರ ಜಾಸ್ತಿ ನಂಬಬೇಡಿ. ನರ ಅದರ ಮುಂದೆ, ಹಿಂದೆ, ಕವಲುಗಳ ನಡುವೆ ಎಲ್ಲಿ ಬೇಕಾದರೂ ದಾಟುತ್ತದೆ. ಆದರೆ ನರ ಧ್ವನಿಪೆಟ್ಟಿಗೆಯೊಳಗೆ ನುಗ್ಗುವ ಜಾಗ ಅಷ್ಟು ಸುಲಭಕ್ಕೆ ಬದಲಾಗಲ್ಲ, ಥೈರಾಯ್ಡ್ ಮೃದ್ವಸ್ಥಿಯ ಕೆಳಕೊಂಬಿನ ಹತ್ತಿರ. ಗ್ರಂಥಿಯನ್ನು ಶ್ವಾಸನಾಳಕ್ಕೆ ಬಿಗಿಯುವ ಬೆರ್ರಿ ಲಿಗಮೆಂಟ್ ಕೂಡ ಅಲ್ಲೇ. ಗ್ರಂಥಿಯನ್ನು ಎಳೆಯುವಾಗ ನರಕ್ಕೆ ಪೆಟ್ಟಾಗುವುದೂ ಹೆಚ್ಚಾಗಿ ಅಲ್ಲೇ.

ಇನ್ನು ಟ್ಯೂಬಿನ ಕಥೆ. ಎರಡೂ ಬದಿ ತೆಗೆಯಬೇಕಿದ್ದ ರೋಗಿ. ಎಡಬದಿ ಮುಗಿಯುವಷ್ಟರಲ್ಲಿ ಸಿಗ್ನಲ್ ಮಾಯ. ಎದೆ ಧಸಕ್ಕೆಂದಿತು. ಧ್ವನಿಪೆಟ್ಟಿಗೆಯ ಕೆಳಗಿನ ಉಂಗುರದಂಥ ಮೃದ್ವಸ್ಥಿ ಕ್ರಿಕಾಯ್ಡ್ ಹಿಂದೆ ಬೆರಳಿಟ್ಟು, ಈ ನರ ಕವಲೊಡೆಯುವ ಮೂಲವಾದ ವೇಗಸ್ ನರಕ್ಕೆ ಪ್ರೋಬ್ ಮುಟ್ಟಿಸಿದೆ. ಬೆರಳಡಿ ಸ್ನಾಯು ಟಪ್ಪೆಂದು ಮಿಡಿಯಿತು! ನರಕ್ಕೆ ಏನೂ ಆಗಿರಲಿಲ್ಲ, ಟ್ಯೂಬ್ ತಿರುಗಿತ್ತು. ಅರಿವಳಿಕೆ ಡಾಕ್ಟರು ಸರಿಮಾಡಿದರು, ಅಲೆ ವಾಪಸ್ ಬಂತು. ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದ ಮೇಲೆ ಟ್ಯೂಬ್ ಇನ್ನೊಮ್ಮೆ ನೋಡಿಸಬೇಕಿತ್ತು, ನಾನು ನೋಡಿಸಿರಲಿಲ್ಲ. ಸ್ನಾಯು ಸಡಿಲಿಸುವ ಔಷಧಿಯ ಪ್ರಭಾವ ಇಳಿದಿರದಿದ್ದರೂ ಹೀಗೇ ಸುಮ್ನೆ ಗಾಬರಿ.

ಉಳಿದ ನಾಲ್ಕು ಸ್ಟಾರ್ ಯಾಕೆ ಅಂದರೆ, ಒಂದು ಬಲಬದಿಯ ಕೇಸು. ಇರಬೇಕಾದ ಜಾಗದಲ್ಲೆಲ್ಲ ಹುಡುಕಿದೆ, ನರ ಇಲ್ಲ. ವೇಗಸ್ಸನ್ನು ಕೆಳಗೆ ಮುಟ್ಟಿಸಿದರೆ ಮೌನ, ಮೇಲೆ ಮುಟ್ಟಿಸಿದರೆ ಸದ್ದು. ಅಂದರೆ ನರ ಎಂದಿನಂತೆ ವೇಗಸ್ ಜೊತೆ ಎದೆಯವರೆಗೆ ಇಳಿದು ಹತ್ತಿ ಬಂದಿಲ್ಲ, ಕುತ್ತಿಗೆಯಲ್ಲೇ ಕವಲೊಡೆದಿದೆ. ನೂರರಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು. ಅಡ್ಡಕ್ಕೆ ಹಾದಿದ್ದ ಒಂದು ಸಣ್ಣ ಎಳೆಯನ್ನು ರಕ್ತನಾಳ ಅಂದುಕೊಂಡು ಕಟ್ಟಲು ದಾರ ಕೇಳಿಯಾಗಿತ್ತು. ಪ್ರೋಬ್ ಇಟ್ಟೆ. ಟಕ್ ಟಕ್.