ಹಡಗಿನ ಕ್ಯಾಬಿನ್ನಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಬದಲು ನಾಲ್ಕು ಪೋರ್ಟಿನ ಚಾರ್ಜರ್: ಏಳು ರಾತ್ರಿ ಬಳಸಿದ ಮೇಲೆ

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಚಾರ್ಜರಿನ ವಿಮರ್ಶೆ ಇದು. ಒಟ್ಟು 65 ವ್ಯಾಟ್ ಸಾಮರ್ಥ್ಯದ, ಗ್ಯಾಲಿಯಂ ನೈಟ್ರೈಡ್ ಬಳಸಿ ತಯಾರಿಸಿದ, ಎರಡು ಟೈಪ್-ಸಿ ಮತ್ತು ಎರಡು ಹಳೆಯ ಮಾದರಿಯ ಯುಎಸ್‌ಬಿ ಪೋರ್ಟುಗಳುಳ್ಳ, ಪಿನ್ನುಗಳನ್ನು ಒಳಕ್ಕೆ ಮಡಚಿಡಬಹುದಾದ ಈ ಚಾರ್ಜರನ್ನು ನಮ್ಮ ಮನೆಯ ನಾಲ್ವರೂ ಏಳು ರಾತ್ರಿಗಳ ಕ್ರೂಸ್ ಪ್ರಯಾಣವೊಂದರಲ್ಲಿ, ಕಿಟಕಿಯಿಲ್ಲದ ಒಳಭಾಗದ ಕ್ಯಾಬಿನ್ನಿನಲ್ಲಿ ಬಳಸಿದೆವು. ಇದೇ ಬಗೆಯ ಚಾರ್ಜರುಗಳನ್ನು ಹಲವಾರು ಕಂಪನಿಗಳು ತಯಾರಿಸುತ್ತವೆ, ಅವುಗಳ ಗುಣದೋಷಗಳೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಹೆಸರು ಹೇಳಿ ಒಂದನ್ನು ಹೊಗಳುವುದಾಗಲಿ ತೆಗಳುವುದಾಗಲಿ ನನ್ನ ಉದ್ದೇಶವಲ್ಲ. ಹಡಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಕೊಂಡೊಯ್ಯಬೇಕೆಂದು ಯೋಚಿಸುತ್ತಿರುವವರಿಗೆ ಅದರ ಬದಲು ಇಂಥದ್ದೊಂದು ಸಾಕಾದೀತೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಹಿಂದಿನ ಸಲ ಹಡಗು ಹತ್ತಿದಾಗ ನಾನೂ ಎಕ್ಸ್‌ಟೆನ್ಷನ್ ಬಾಕ್ಸನ್ನೇ ಒಯ್ದಿದ್ದೆ. ಮನೆಯಲ್ಲಿ ಕಂಪ್ಯೂಟರಿಗೆ ಹಾಕಿಟ್ಟಿದ್ದ, ಕೆಂಪು ದೀಪದ ಸ್ವಿಚ್ಚುಳ್ಳ, ಸ್ಪೈಕ್ ಬಸ್ಟರ್ ಎಂದು ನಾವೆಲ್ಲ ಕರೆಯುವ, ವೋಲ್ಟೇಜು ಹಠಾತ್ತನೆ ಏರಿದಾಗ ಉಪಕರಣಗಳನ್ನು ಕಾಯುವ ಸರ್ಜ್ ಪ್ರೊಟೆಕ್ಷನ್ ಇರುವ ಬಗೆಯದು. ಬಂದರಿನಲ್ಲಿ ಒಪ್ಪಿಸಿದ ಸೂಟ್‌ಕೇಸುಗಳು ಸಂಜೆಯೊಳಗೆ ಕ್ಯಾಬಿನ್ನಿನ ಬಾಗಿಲಿಗೆ ಬರಬೇಕಿತ್ತು. ಮೂರು ಬಂದವು, ನಾಲ್ಕನೆಯದು ಬರಲಿಲ್ಲ, ಬದಲಿಗೆ ಕೆಳಗಿನ ಡೆಕ್ಕಿನ ಭದ್ರತಾ ಕೋಣೆಗೆ ಬರಬೇಕೆಂದು ಫೋನು ಬಂತು. ಅಲ್ಲಿ ಮೇಜಿನ ಮೇಲೆ ಯಾರದೋ ಇಸ್ತ್ರಿಪೆಟ್ಟಿಗೆ, ಯಾರದೋ ನೀರು ಕಾಯಿಸುವ ಕೆಟಲ್, ಒಂದು ಕಟ್ಟು ಮೇಣದಬತ್ತಿ ಸಾಲಾಗಿ ಕುಳಿತಿದ್ದವು. ಸಿಬ್ಬಂದಿ ನನ್ನ ಬಾಕ್ಸನ್ನು ಬೋರಲು ಹಾಕಿ, ತಳದ ಚೀಟಿಯಲ್ಲಿ ಜೂಲ್ ಲೆಕ್ಕದಲ್ಲಿ ಅಚ್ಚಾಗಿದ್ದ, ಸರ್ಜ್ ಪ್ರೊಟೆಕ್ಷನ್ ಇದೆಯೆಂಬುದನ್ನು ತಿಳಿಸುವ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿ, ಒಂದು ರಸೀದಿ ಹರಿದುಕೊಟ್ಟು, ಪ್ರಯಾಣ ಮುಗಿದ ದಿನ ಬಂದು ಪಡೆಯಿರಿ ಎಂದರು. ವಾದಿಸಲು ಬಾಯಿ ತೆರೆದೆ. ನನ್ನ ಹಿಂದೆ ನಿಂತಿದ್ದವರ ಸಾಲನ್ನು ನೋಡಿ ಸುಮ್ಮನಾದೆ. ಆ ವಾರವೆಲ್ಲ ಎರಡು ಸಾಕೆಟ್ಟುಗಳಿಗೆ ನಾಲ್ವರ ಪೈಪೋಟಿ ನಡೆಯಿತು. ಪ್ರಯಾಣಿಕರಿಗೆ ಹೀಗೆ ತೊಂದರೆ ಕೊಡುವುದು ಅತಿಯಾಯಿತೆಂದು ಆಗ ನಾನು ಭಾವಿಸಿದ್ದು ನಿಜ, ಆದರೆ ಕಾರಣವನ್ನು ತಿಳಿದುಕೊಂಡ ಮೇಲೆ ಆ ಅಭಿಪ್ರಾಯ ಉಳಿಯಲಿಲ್ಲ.

ಮನೆಯ ವೈರಿಂಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳ ಪೈಕಿ ನ್ಯೂಟ್ರಲ್ ತಂತಿಯನ್ನು ಒಂದೆಡೆ ನೆಲಕ್ಕೆ ಸೇರಿಸಿರುತ್ತಾರೆ. ಹೀಗಾಗಿ ಮುಟ್ಟಿದರೆ ಶಾಕ್ ಹೊಡೆಯುವ ತಂತಿ ಸಾಮಾನ್ಯವಾಗಿ ಒಂದೇ. ಹಡಗಿನಲ್ಲಿ ಆ ನೆಲದ ಜಾಗದಲ್ಲಿರುವುದು ಅದರ ಉಕ್ಕಿನ ಒಡಲು. ವಿದ್ಯುತ್ತು ಆ ಒಡಲಿನ ಮೂಲಕ ಹರಿಯಬಾರದೆಂದೂ, ಒಂದು ತಂತಿ ಎಲ್ಲೋ ಉಕ್ಕಿಗೆ ತಗುಲಿದ ಮಾತ್ರಕ್ಕೆ ಮುಖ್ಯವಾದ ಯಂತ್ರಗಳು ನಡುಗಡಲಿನಲ್ಲಿ ನಿಂತುಬಿಡಬಾರದೆಂದೂ ಹಡಗುಗಳಲ್ಲಿ ಬಹಳ ಕಡೆ ಎರಡೂ ತಂತಿಗಳನ್ನು ಒಡಲಿನಿಂದ ಬೇರ್ಪಡಿಸಿಯೇ ಇಡುತ್ತಾರೆ. ಆಗ 120 ವೋಲ್ಟಿನ ಸಾಕೆಟ್ಟಿನಲ್ಲಿ ಒಂದು ತಂತಿಯಲ್ಲಿ ಪೂರ್ತಿ ವೋಲ್ಟೇಜು, ಇನ್ನೊಂದರಲ್ಲಿ ಸೊನ್ನೆ ಎಂಬ ಲೆಕ್ಕವಿರುವುದಿಲ್ಲ. ಒಡಲಿಗೆ ಹೋಲಿಸಿದರೆ ಎರಡರಲ್ಲೂ ತಲಾ ಸುಮಾರು 60 ವೋಲ್ಟ್ ಇರುತ್ತದೆ. ನೆಲದ ಮೇಲಿನ ಮನೆಗಾಗಿ ತಯಾರಾದ ಬಾಕ್ಸಿನೊಳಗಿನ ಸ್ವಿಚ್ಚೋ ಟ್ರಿಪ್ ಆಗುವ ಬ್ರೇಕರ್ರೋ ಅನೇಕ ವೇಳೆ ಒಂದೇ ತಂತಿಯನ್ನು ಕಡಿಯುತ್ತದೆ. ಕೆಂಪು ದೀಪ ಆರಿತು, ಬಾಕ್ಸು ಆಫ್ ಆಯಿತು ಎಂದು ನಾವು ನಂಬಿರುವಾಗಲೂ ಇನ್ನೊಂದು ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ಸ್ಪೈಕ್ ಬಸ್ಟರಿನಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ಅದರೊಳಗೆ ತಂತಿಗಳ ನಡುವೆ ಮತ್ತು ತಂತಿಗೂ ಅರ್ಥಿಂಗಿಗೂ ನಡುವೆ ವಾರಿಸ್ಟರ್ ಎಂಬ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಮುಖ್ಯವಾಗಿ ಸತುವಿನ ಆಕ್ಸೈಡಿನಿಂದ ತಯಾರಾದ ಈ ಬಿಲ್ಲೆ ಸಾಧಾರಣ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ತಡೆಯುತ್ತದೆ, ವೋಲ್ಟೇಜು ಹಠಾತ್ತನೆ ಏರಿದಾಗ ಮಾತ್ರ ದಾರಿ ಬಿಟ್ಟು ಹೆಚ್ಚುವರಿಯನ್ನು ಹರಿಯಗೊಡುತ್ತದೆ. ಪ್ರತಿ ಏರಿಕೆಯನ್ನೂ ತಾಳಿಕೊಳ್ಳುತ್ತ ಅದು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಸವೆದದ್ದು ತಡೆಯಬೇಕಾದಾಗಲೂ ಸೋರತೊಡಗಿ ಬಿಸಿಯಾಗುತ್ತದೆ. ಹಡಗಿನಲ್ಲಿ ಎಲ್ಲಾದರೂ ಒಂದು ತಂತಿ ಒಡಲಿಗೆ ತಗುಲಿದರೆ ಇನ್ನೊಂದು ತಂತಿಗೂ ಒಡಲಿಗೂ ನಡುವಿನ ವೋಲ್ಟೇಜು ಇಮ್ಮಡಿಯಾಗುತ್ತದೆ, ದೋಷ ಸರಿಹೋಗುವವರೆಗೂ ಆ ಒತ್ತಡವನ್ನು ಹಾಸಿಗೆಯ ಪಕ್ಕದ ಈ ಹಳೆಯ ಬಿಲ್ಲೆಯೇ ಹೊರಬೇಕಾಗುತ್ತದೆ. ನೆಲದ ಬಳಕೆಗೆಂದು ತಯಾರಾದ ಸರ್ಜ್ ಪ್ರೊಟೆಕ್ಟರುಗಳು ಹಡಗಿನಲ್ಲಿ ವಿಪರೀತ ಬಿಸಿಯಾಗಿ ಬೆಂಕಿ ಹೊತ್ತಿಸಬಹುದೆಂದು ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿಯೇ ಸುರಕ್ಷತಾ ಎಚ್ಚರಿಕೆಯೊಂದನ್ನು ಹೊರಡಿಸಿತ್ತು. ಸುತ್ತ ಇಷ್ಟೊಂದು ನೀರಿರುವಾಗ ಬೆಂಕಿಗೇಕೆ ಹೆದರಬೇಕು ಎನ್ನುವವರನ್ನು ಕಂಡಿದ್ದೇನೆ. ಸಾವಿರಾರು ಜನರನ್ನು ಇಳಿಸಲು ಬೀದಿಯೊಂದು ಅಲ್ಲಿಲ್ಲ ಎಂಬುದನ್ನು ಅವರು ಮರೆತಿರುತ್ತಾರೆ.

ಸರ್ಜ್ ಪ್ರೊಟೆಕ್ಷನ್ ಇಲ್ಲದ ಬರಿಯ ಎಕ್ಸ್‌ಟೆನ್ಷನ್ ವೈರನ್ನು ಒಯ್ಯಬಹುದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಕಂಪನಿಗಳು ಎಚ್ಚರದಿಂದ ಬಳಸಿರೆಂದು ಹೇಳಿ ಬಿಟ್ಟಿವೆ, ಕೆಲವು ಬಿಡುವುದಿಲ್ಲ. ರಾಯಲ್ ಕೆರಿಬಿಯನ್ 2024ರಲ್ಲಿ ತನ್ನ ನಿಷೇಧದ ಪಟ್ಟಿಯನ್ನು ವಿಸ್ತರಿಸಿ, ಒಂದು ಸಾಕೆಟ್ಟನ್ನು ಹಲವಾಗಿಸುವ ಪ್ಲಗ್ಗುಗಳನ್ನೂ ಅದರೊಳಗೆ ಸೇರಿಸಿತು. ಯುಎಸ್‌ಬಿ ಪೋರ್ಟುಗಳು ಮಾತ್ರವೇ ಇರುವ ಚಾರ್ಜರುಗಳಿಗೆ ಅಡ್ಡಿಯಿಲ್ಲವೆಂದಿತು. ಈ ಭೇದದಲ್ಲಿ ಅರ್ಥವಿದೆ. ಖಾಲಿ ಸಾಕೆಟ್ಟು ಕಂಡರೆ ಯಾರಾದರೂ ಅದಕ್ಕೆ ಹೇರ್ ಡ್ರೈಯರ್ ಚುಚ್ಚುತ್ತಾರೆ, ಅದು ಸಾವಿರ ವ್ಯಾಟಿಗೂ ಮೀರಿ ಎಳೆಯುತ್ತದೆ, ತೆಳ್ಳನೆಯ ವೈರು ಹಾಸಿಗೆಯಡಿ ಸುರುಳಿ ಸುತ್ತಿಕೊಂಡು ಕಾಯುತ್ತದೆ. ಯುಎಸ್‌ಬಿ ಪೋರ್ಟಿಗೆ ಯಾರೂ ಹೇರ್ ಡ್ರೈಯರ್ ಚುಚ್ಚಲಾರರು. ನಾಲ್ಕು ಪೋರ್ಟುಗಳನ್ನೂ ತುಂಬಿಸಿದರೂ ನನ್ನ ಚಾರ್ಜರ್ ಕೊಡುವುದು 65 ವ್ಯಾಟ್ ಮಾತ್ರ. ಎರಡೇ ಪಿನ್ನುಗಳಿದ್ದು ಅರ್ಥಿಂಗಿನ ಪಿನ್ನೇ ಇಲ್ಲದ ಕಾರಣ ಒಡಲಿನ ಕಡೆಗೆ ದಾರಿಯೂ ಇಲ್ಲ. ಭದ್ರತಾ ತಪಾಸಣೆಯಲ್ಲಿ ಈ ಸಲ ಅದನ್ನು ಕೈಚೀಲದಿಂದ ತೆಗೆಸಲೂ ಇಲ್ಲ. ಅಂದಹಾಗೆ, ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ‘ಕ್ರೂಸ್ ಅಪ್ರೂವ್ಡ್’ ಎಂದಿತ್ತು. ಅದು ಮಾರುವವರ ಮಾತೇ ಹೊರತು ಯಾವುದೋ ಸಂಸ್ಥೆ ಪರೀಕ್ಷಿಸಿ ಒತ್ತಿದ ಮುದ್ರೆಯಲ್ಲ. ಟಿಕೆಟ್ ಪಡೆದ ಕಂಪನಿಯ ನಿಷೇಧದ ಪಟ್ಟಿಯನ್ನು ಹೊರಡುವ ವಾರದಲ್ಲಿ ಇನ್ನೊಮ್ಮೆ ಓದಿಕೊಳ್ಳುವುದೇ ಸರಿ, ಏಕೆಂದರೆ ಅದು ಬದಲಾಗುತ್ತಿರುತ್ತದೆ.

ಇನ್ನು ಚಾರ್ಜರಿನ ಕೆಲಸದ ವಿಷಯ. ನಮ್ಮ ಬಳಿಯಿದ್ದುದು ನಾಲ್ಕು ಫೋನು, ಎರಡು ಕೈಗಡಿಯಾರ, ಒಂದು ಟ್ಯಾಬ್ಲೆಟ್, ಒಂದು ಕ್ಯಾಮೆರಾ ಮತ್ತು ನನ್ನ ಲ್ಯಾಪ್‌ಟಾಪ್. ಮೇಲಿನ ಟೈಪ್-ಸಿ ಪೋರ್ಟಿಗೆ ಲ್ಯಾಪ್‌ಟಾಪ್ ಒಂದನ್ನೇ ಹಾಕಿದರೆ ಪೂರ್ತಿ 65 ವ್ಯಾಟ್ ಸಿಗುತ್ತದೆ. ಎರಡನೆಯ ಟೈಪ್-ಸಿಗೆ ಫೋನು ಸೇರಿಸಿದೊಡನೆ ಅದು 45 ಮತ್ತು 20 ಎಂದು ಪಾಲಾಗುತ್ತದೆ. ಕೆಳಗಿನ ಹಳೆಯ ಪೋರ್ಟುಗಳೂ ಇದೇ 65 ವ್ಯಾಟಿನಲ್ಲಿ ಸಣ್ಣ ಪಾಲು ಪಡೆಯಬೇಕಾದ್ದರಿಂದ ಅಲ್ಲಿ ಹಾಕಿದ ಫೋನು ನಿಧಾನ. ಕೈಗಡಿಯಾರಕ್ಕೆ ಮತ್ತು ಕ್ಯಾಮೆರಾ ಬ್ಯಾಟರಿಗೆ ಅದು ಧಾರಾಳವಾಯಿತು. ರಾತ್ರಿ ಮಲಗುವಾಗ ನಾಲ್ಕೂ ಫೋನುಗಳನ್ನು ಚುಚ್ಚಿಟ್ಟರೆ ಬೆಳಗಿನ ತಿಂಡಿಗೆ ಹೊರಡುವಷ್ಟರಲ್ಲಿ ಎಲ್ಲವೂ ತುಂಬಿರುತ್ತಿದ್ದವು. ನಾಲ್ಕೂ ಪೋರ್ಟುಗಳು ತುಂಬಿದಾಗ ಚಾರ್ಜರಿನ ಮೈ ಬಿಸಿಯಾಗುತ್ತಿತ್ತು, ಆದರೆ ಕೈಯಲ್ಲಿ ಹಿಡಿದುಕೊಳ್ಳಲಾಗದಷ್ಟು ಅಲ್ಲ.

ಕಿರಿಕಿರಿ ಇರುವುದು ಈ ಪಾಲಿನಲ್ಲಿಯೇ. ಹೊಸದಾಗಿ ಒಂದು ಕೇಬಲ್ ಚುಚ್ಚಿದರೆ ಅಥವಾ ಕಿತ್ತರೆ ಚಾರ್ಜರ್ ಕ್ಷಣಕಾಲ ಎಲ್ಲ ಪೋರ್ಟುಗಳನ್ನೂ ನಿಲ್ಲಿಸಿ ಲೆಕ್ಕವನ್ನು ಹೊಸದಾಗಿ ಹಾಕುತ್ತದೆ. ನಡುರಾತ್ರಿ ಮಗಳು ತನ್ನ ಫೋನನ್ನು ಕಿತ್ತುಕೊಂಡಾಗ ಉಳಿದ ಮೂರೂ ಫೋನುಗಳು ಒಟ್ಟಿಗೆ ಬೆಳಗಿ, ಒಟ್ಟಿಗೆ ಗುಯ್ಗುಟ್ಟಿ ಎಲ್ಲರನ್ನೂ ಎಬ್ಬಿಸಿದವು. ಚಾರ್ಜರಿನ ಮುಖದ ನೀಲಿ ದೀಪ ಇನ್ನೊಂದು ಕಾಟ. ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ದೀಪ ಆರಿಸಿದರೆ ಕಣ್ಣೆದುರಿನ ಕೈ ಕಾಣದಷ್ಟು ಕತ್ತಲೆ, ಆ ಕತ್ತಲೆಯಲ್ಲಿ ಈ ಪುಟ್ಟ ದೀಪ ಇಡೀ ಸೀಲಿಂಗಿಗೆ ನೀಲಿ ಬಳಿಯುತ್ತಿತ್ತು. ಬ್ಯಾಂಡ್‌ಏಡ್ ತುಂಡೊಂದನ್ನು ಅಂಟಿಸಿ ಮುಚ್ಚಿದೆವು.

ಇದಕ್ಕಿಂತ ದೊಡ್ಡ ದೋಷವೆಂದರೆ ತೂಕ. ಸಾವಿರಾರು ಪ್ರಯಾಣಿಕರು ಚುಚ್ಚಿ ಕಿತ್ತ ಸಾಕೆಟ್ಟುಗಳು ಸಡಿಲವಾಗಿರುತ್ತವೆ, ಚಾರ್ಜರ್ ತನ್ನ ಭಾರವನ್ನೆಲ್ಲ ಎರಡು ತೆಳುವಾದ ಪಿನ್ನುಗಳ ಮೇಲೆ ಹೊತ್ತು ಮುಂದಕ್ಕೆ ಬಾಗಿರುತ್ತದೆ, ಮೇಲಾಗಿ ನಾಲ್ಕು ಕೇಬಲ್ಲುಗಳು ಅದನ್ನು ಕೆಳಕ್ಕೆ ಜಗ್ಗುತ್ತಿರುತ್ತವೆ. ಮೂರನೆಯ ರಾತ್ರಿ ಕಡಲು ಸ್ವಲ್ಪ ಒರಟಾಗಿತ್ತು. ಬೆಳಗ್ಗೆ ಎದ್ದು ನೋಡಿದರೆ ಚಾರ್ಜರ್ ಮೇಜಿನ ಮೇಲೆ ಬಿದ್ದಿದೆ, ನನ್ನ ಫೋನಿನಲ್ಲಿ ಶೇಕಡ 19, ಪತ್ನಿಯ ಫೋನು ಸತ್ತೇ ಹೋಗಿದೆ, ದಡಕ್ಕಿಳಿಯಲು ಇನ್ನು ಒಂದು ಗಂಟೆಯಿದೆ. ಮಕ್ಕಳ ಇಸ್ಪೀಟಿನ ಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದರೆ ಅದು ಸಾಕೆಟ್ಟಿನ ಎತ್ತರಕ್ಕೆ ಸರಿಯಾಗಿ ಬಂತು; ಉಳಿದ ನಾಲ್ಕು ರಾತ್ರಿ ಚಾರ್ಜರ್ ಅದರ ಮೇಲೆ ಕುಳಿತೇ ಕೆಲಸ ಮಾಡಿತು. ಗೋಡೆಗೆ ಸರಿಯಾಗಿ ಒರಗುವ ಚಪ್ಪಟೆ ಆಕಾರದಲ್ಲಿ ಇದನ್ನು ತಯಾರಿಸಿದ್ದರೆ ಈ ಉಪಾಯದ ಅಗತ್ಯವೇ ಇರುತ್ತಿರಲಿಲ್ಲ. ಹೊಸ ಚಾರ್ಜರ್ ಆರಿಸುವವರು ವ್ಯಾಟ್ ನೋಡುವ ಮೊದಲು ಇದನ್ನು ನೋಡಬೇಕು. ಚಾರ್ಜರಿಗೂ ಪ್ಲಗ್ಗಿಗೂ ನಡುವೆ ಉದ್ದನೆಯ ವೈರು ಇರುವ, ಮೇಜಿನ ಮೇಲಿಡುವ ಮಾದರಿಯೂ ಸಿಗುತ್ತದೆ, ಅದು ಬೀಳುವುದಿಲ್ಲ. ಆದರೆ ಎಕ್ಸ್‌ರೇ ಪರದೆಯಲ್ಲಿ ಅದು ಎಕ್ಸ್‌ಟೆನ್ಷನ್ ಬಾಕ್ಸಿನಂತೆಯೇ ಕಾಣಬಹುದಾದ್ದರಿಂದ ನಾನು ಅದರ ಗೊಡವೆಗೆ ಹೋಗಲಿಲ್ಲ.

ಕ್ಯಾಬಿನ್ನಿನ ಸಾಕೆಟ್ಟುಗಳ ಬಗ್ಗೆಯೂ ಎರಡು ಮಾತು ಬೇಕು. ಅನೇಕ ಹಡಗುಗಳಲ್ಲಿ ಮೇಜಿನ ಮೇಲ್ಗಡೆ ಚಪ್ಪಟೆ ಪಿನ್ನಿನ 110 ವೋಲ್ಟಿನ ಸಾಕೆಟ್ಟಿನ ಪಕ್ಕದಲ್ಲಿಯೇ ದುಂಡು ಪಿನ್ನಿನ 220 ವೋಲ್ಟಿನ ಸಾಕೆಟ್ಟೂ ಇರುತ್ತದೆ, ಒಂದು ಬಗೆಯ ಪ್ಲಗ್ ಮಾತ್ರ ತಂದವರಿಗೆ ಇನ್ನೊಂದು ವ್ಯರ್ಥ. ಪಿನ್ನಿನ ಆಕಾರವನ್ನಷ್ಟೇ ಬದಲಿಸುವ ಹೆಬ್ಬೆರಳ ಗಾತ್ರದ ಒಂದು ಅಡಾಪ್ಟರ್ ಇದ್ದರೆ ಸಾಕೆಟ್ಟುಗಳ ಸಂಖ್ಯೆಯೇ ಹೆಚ್ಚಿದಂತಾಗುತ್ತದೆ, ಇದಕ್ಕೆ ಯಾರ ಆಕ್ಷೇಪವನ್ನೂ ನಾನು ಕಂಡಿಲ್ಲ. ಅದು ವೋಲ್ಟೇಜನ್ನು ಬದಲಿಸುವುದಿಲ್ಲವಾದ್ದರಿಂದ ಉಪಕರಣದ ಚೀಟಿಯಲ್ಲಿ ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದೆಯೇ ಎಂದು ನೋಡಿಕೊಳ್ಳಬೇಕು. ಫೋನಿನ ಮತ್ತು ಲ್ಯಾಪ್‌ಟಾಪಿನ ಚಾರ್ಜರುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಕೂದಲಿಗೆ ಬಳಸುವ ಉಪಕರಣಗಳಲ್ಲಿ ಎಷ್ಟೋ ವೇಳೆ ಇರುವುದಿಲ್ಲ. ಬಚ್ಚಲಿನ ಕನ್ನಡಿಯ ಬಳಿಯದು ರೇಜರಿಗೆಂದೇ ಇರುವ, ಬಹಳ ಕಡಿಮೆ ಸಾಮರ್ಥ್ಯದ ಸಾಕೆಟ್ಟು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಗೆ ಫೋನು ಸಿಕ್ಕಿಸಿ ನೋಡಿದೆವು, ಅದು ತುಂಬುವ ಹೊತ್ತಿಗೆ ಇನ್ನೊಂದು ಬಂದರು ಬಂದೀತು. ಕೆಲವು ಹಡಗುಗಳಲ್ಲಿ ಬಾಗಿಲ ಬಳಿಯ ಕಾರ್ಡನ್ನು ತೆಗೆದರೆ ದೀಪಗಳ ಜೊತೆ ಕೆಲವು ಸಾಕೆಟ್ಟುಗಳೂ ಸತ್ತುಹೋಗುತ್ತವೆ, ಹಗಲಿನಲ್ಲಿ ಚಾರ್ಜಿಗಿಟ್ಟು ಹೊರಗೆ ಹೋಗುವವರು ಮೊದಲ ದಿನವೇ ಪರೀಕ್ಷಿಸಿಕೊಳ್ಳಬೇಕು.

ಹಗಲಿಗೆಂದು 20,000 ಎಂಎಎಚ್‌ನ ಒಂದು ಪವರ್ ಬ್ಯಾಂಕನ್ನೂ ಒಯ್ದಿದ್ದೆವು. ಅದು 74 ವ್ಯಾಟ್-ಅವರ್ ಆಗುತ್ತದೆ, ವಿಮಾನದ ಕೈಚೀಲಕ್ಕೆ ಇರುವ 100 ವ್ಯಾಟ್-ಅವರ್ ಮಿತಿಯೊಳಗೇ ಇದ್ದುದರಿಂದ ಬಂದರಿನವರೆಗಿನ ಹಾದಿಯಲ್ಲಿಯೂ ತೊಂದರೆಯಾಗಲಿಲ್ಲ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಹಡಗಿನ ವೈಫೈಗೆ ಮಾತ್ರ ಸೇರಿಸಿಕೊಂಡ ದಿನಗಳಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ನಡುಗಡಲಿನಲ್ಲಿ ಸಿಗದ ಸಿಗ್ನಲ್ಲಿಗಾಗಿ ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಇಳಿದುಹೋಗುತ್ತದೆ.

ಈ ಚಾರ್ಜರಿನಿಂದ ಆಗದ ಕೆಲಸವೊಂದಿದೆ. ಉಸಿರಾಟದ ತೊಂದರೆಯಿಂದ ನಿದ್ದೆಗೆ ಸಿಪ್ಯಾಪ್ ಯಂತ್ರವನ್ನು, ಅಂದರೆ ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಊದುವ ಯಂತ್ರವನ್ನು, ಅವಲಂಬಿಸಿದವರಿಗೆ ಹಾಸಿಗೆಯ ತನಕ ತಲುಪುವ ನಿಜವಾದ ಎಕ್ಸ್‌ಟೆನ್ಷನ್ ವೈರೇ ಬೇಕು. ಅಂಥವರು ಮನೆಯದನ್ನು ಒಯ್ಯುವ ಬದಲು ಹೊರಡುವುದಕ್ಕೆ ಸಾಕಷ್ಟು ಮೊದಲೇ ಕಂಪನಿಗೆ ಬರೆದು ತಿಳಿಸಿದರೆ, ಹಡಗಿನಲ್ಲಿ ಬಳಸಲು ಯೋಗ್ಯವಾದ ವೈರನ್ನು ಹಲವು ಕಂಪನಿಗಳು ತಾವೇ ಒದಗಿಸುತ್ತವೆ. ಉಳಿದವರಿಗೆ, ಅದರಲ್ಲೂ ಮೂರು ನಾಲ್ಕು ಜನ ಒಂದೇ ಕ್ಯಾಬಿನ್ನಿನಲ್ಲಿರುವವರಿಗೆ, ಈ ಬಗೆಯ ಚಾರ್ಜರ್ ಸಾಕು. ಇಬ್ಬರ ಬಳಿ ಲ್ಯಾಪ್‌ಟಾಪ್ ಇದ್ದರೆ ಮಾತ್ರ 65ರ ಬದಲು 100 ವ್ಯಾಟಿನದನ್ನು ಕೊಳ್ಳಬಹುದು, ಆದರೆ ಅದು ಇನ್ನೂ ಭಾರವಾಗಿರುತ್ತದೆ, ಆಗ ಇಸ್ಪೀಟಿನ ಪೊಟ್ಟಣವನ್ನೂ ಜೊತೆಗಿಟ್ಟುಕೊಳ್ಳಿ.