ರಾಸ್ಪ್‌ಬೆರಿ ಪೈ, ಬೀಗಲ್‌ಬೋನ್ ಬ್ಲ್ಯಾಕ್: ಬೂಟ್ ಆಗುವಾಗ ಯಾವುದರ ಪಿನ್ ಹೇಗಿರುತ್ತದೆ?

ತಾರಸಿಯ ಕುಂಡಗಳಿಗೆ ನೀರು ಬಿಡಲು 12 ವೋಲ್ಟಿನ ಪುಟ್ಟ ಪಂಪ್, ಅದನ್ನು ಆನ್-ಆಫ್ ಮಾಡಲು ಒಂದು ಮಾಸ್‌ಫೆಟ್ (ವೋಲ್ಟೇಜ್ ಕೊಟ್ಟರೆ ಆನ್ ಆಗುವ ಸ್ವಿಚ್). ಆ ವೋಲ್ಟೇಜ್ ಹೋಗುವ ಕಾಲನ್ನು, ಅಂದರೆ ಗೇಟನ್ನು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 7ನೇ ಪಿನ್‌ಗೆ, ಅಂದರೆ ಜಿಪಿಐಒ 4ಕ್ಕೆ ಜೋಡಿಸಿದ್ದೆ (ಪ್ರೋಗ್ರಾಂನಿಂದ ನಡೆಸಬಹುದಾದ ಪಿನ್‌ಗಳಿಗೆ ಜಿಪಿಐಒ ಅನ್ನುತ್ತಾರೆ). ಪ್ರೋಗ್ರಾಂ ಸರಿಯಾಗಿಯೇ ಇತ್ತು. ಆದರೆ ಕರೆಂಟ್ ಹೋಗಿ ಬಂದಾಗಲೆಲ್ಲ ನನ್ನ ಪ್ರೋಗ್ರಾಂ ಏಳುವ ಮೊದಲೇ ಪಂಪ್ ಓಡಲು ಶುರು! ತುಳಸಿ ಕುಂಡದ ಸುತ್ತ ಒಂದು ಸಣ್ಣ ಕೆರೆ.

ತಪ್ಪು ನನ್ನದೇ. ಪೈಗೆ ಪವರ್ ಬಂದ ಕೂಡಲೇ ಪಿನ್‌ಗಳೆಲ್ಲ ಇನ್‌ಪುಟ್ ಆಗಿರುತ್ತವೆ, ನಿಜ. ಆದರೆ ಜಿಪಿಐಒ 0ರಿಂದ 8ರವರೆಗೆ ಒಳಗಿನ ಪುಲ್-ಅಪ್ (ಪಿನ್ನಿನ ವೋಲ್ಟೇಜನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್) ಆನ್ ಇರುತ್ತದೆ, 9ರಿಂದ 27ರವರೆಗೆ ಪುಲ್-ಡೌನ್ (ಸೊನ್ನೆಯತ್ತ ಎಳೆಯುವುದು). ಈ ಪುಲ್-ಅಪ್ ಸುಮಾರು 50 ಕಿಲೋ ಓಮ್, ತೀರಾ ದುರ್ಬಲ. ಆದರೆ ಮಾಸ್‌ಫೆಟ್‌ನ ಗೇಟಿಗೆ ಅಷ್ಟೇ ಸಾಕು. ಗೇಟಿನಿಂದ ಗ್ರೌಂಡಿಗೆ ಮೊದಲು 100 ಕಿಲೋ ಓಮ್ ರೆಸಿಸ್ಟರ್ ಹಾಕಿ ನೋಡಿದೆ. ಗೇಟಿನಲ್ಲಿ ಇನ್ನೂ 2 ವೋಲ್ಟಿನ ಮೇಲೆ ಉಳಿಯಿತು, ಪಂಪ್ ಮುಲುಗುತ್ತಾ ತಿರುಗಿತು. 10 ಕಿಲೋ ಓಮ್ ಹಾಕಿ, ತಂತಿಯನ್ನು 11ನೇ ಪಿನ್‌ಗೆ (ಜಿಪಿಐಒ 17) ಬದಲಾಯಿಸಿದ ಮೇಲೆ ಸುಮ್ಮನಾಯಿತು.

ಅದೇ ಕೆಲಸವನ್ನು ಪೈನಂಥದ್ದೇ ಇನ್ನೊಂದು ಬೋರ್ಡ್ ಬೀಗಲ್‌ಬೋನ್ ಬ್ಲ್ಯಾಕ್‌ಗೂ ಕೊಟ್ಟೆ. ಎರಡು ಬದಿಗೆ 46ರಂತೆ 92 ಪಿನ್, ಪೈನ 40ರ ಮುಂದೆ ಇದು ಹಬ್ಬದೂಟ ಅನ್ನಿಸಿತು. ಎಲೆ ಮುಂದೆ ಕೂತಾಗ ಗೊತ್ತಾಯಿತು, ಅರ್ಧ ಬೇರೆಯವರಿಗೆ ಬಡಿಸಿ ಆಗಿದೆ. ಒಂದು ಬದಿಯ ಸಾಲು ಪಿ8, ಇನ್ನೊಂದು ಪಿ9. ಪಿ8 ಸಾಲಿನಲ್ಲಿ 3ರಿಂದ 6, 20ರಿಂದ 25 ಬೋರ್ಡಿನಲ್ಲೇ ಇರುವ ಇಎಂಎಂಸಿ ಮೆಮೊರಿಗೆ ಹೋಗಿವೆ. 27ರಿಂದ 46 ಪರದೆಗೆ ಚಿತ್ರ ಕಳಿಸುವ ಎಚ್‌ಡಿಎಂಐಗೆ. ಅದರಲ್ಲೂ 31ರಿಂದ 46ರ ಜೊತೆ ಜಾಸ್ತಿ ಹುಷಾರು ಬೇಕು. ಎಲ್ಲಿಂದ ಬೂಟ್ ಆಗಬೇಕು ಅನ್ನೋದನ್ನು ಚಿಪ್ ಪವರ್ ಬಂದಾಗ ಈ ಪಿನ್‌ಗಳನ್ನು ಓದಿಯೇ ತೀರ್ಮಾನಿಸುತ್ತದೆ. ಅಲ್ಲಿ ಏನಾದರೂ ಎಳೆದು ಹಿಡಿದರೆ ಬೋರ್ಡ್ ಏಳದೇ ಇರಬಹುದು. ಪುಲ್-ಅಪ್, ಪುಲ್-ಡೌನ್ ವಿಷಯದಲ್ಲೂ ಪೈನ ಹಾಗೆ ಒಂದೇ ಸಾಲಿನ ಲೆಕ್ಕ ಇಲ್ಲ. ಒಂದೊಂದು ಪಿನ್ನಿಗೂ ಪಟ್ಟಿ ತೆಗೆದು ನೋಡಬೇಕು.

ಆದರೂ ಇದರ ಕೆಲವು ಗುಣ ಪೈನಲ್ಲಿಲ್ಲ. ಬೋರ್ಡಿನ ಸಂದೇಶಗಳನ್ನು ತಂತಿಯ ಮೂಲಕ ಓದುವ ಸೀರಿಯಲ್ ಕನ್ಸೋಲ್‌ಗೆ ಬೇರೆಯೇ 6 ಪಿನ್ ಇದೆ. ಪೈನಲ್ಲಿ ಕನ್ಸೋಲ್ ಆನ್ ಇದ್ದರೆ ಬೂಟ್ ಸಂದೇಶಗಳು 8ನೇ ಪಿನ್ನಿನಿಂದಲೇ ಹೊರಬರುತ್ತವೆ. ಆ ಪಿನ್ನಿಗೆ ರಿಲೇ ಕಟ್ಟಿದರೆ ಟಕಟಕ ಬಡಿದುಕೊಳ್ಳುತ್ತದೆ. ಸೆನ್ಸರ್‌ಗಳಂಥ ಚಿಪ್‌ಗಳ ಜೊತೆ ಎರಡು ತಂತಿಯಲ್ಲಿ ಮಾತಾಡುವ ಐ2ಸಿ ಕೂಡ ಬೀಗಲ್‌ನಲ್ಲಿ ಪಿ9ರ 19, 20ರಲ್ಲಿ ಮೊದಲೇ ಆನ್. ಪೈನಲ್ಲಿ ನಾವೇ ಆನ್ ಮಾಡಬೇಕು. ಬೀಗಲ್‌ನಲ್ಲಿ ಕಾನ್ಫಿಗ್-ಪಿನ್ ಅನ್ನೋ ಕಮಾಂಡ್ ಕೊಟ್ಟರೆ ಪಿನ್ನಿನ ಕೆಲಸ ಅಲ್ಲೇ ಬದಲಾಗುತ್ತದೆ, ರೀಬೂಟ್ ಬೇಡ. ರೀಬೂಟ್ ಆದರೆ ಮಾತ್ರ ಮರೆತುಬಿಡುತ್ತದೆ. ಇನ್ನು 7 ಅನಲಾಗ್ ಇನ್‌ಪುಟ್ ಇವೆ, ಮಣ್ಣಿನ ತೇವದ ಸೆನ್ಸರ್ ನೇರವಾಗಿ ಕೂರಿಸಬಹುದು. ಆದರೆ 1.8 ವೋಲ್ಟ್ ದಾಟಬಾರದು, ಹಾಗಾಗಿ ನಾನು ಎರಡು ರೆಸಿಸ್ಟರ್ ಹಾಕಿ ಇಳಿಸಿಕೊಂಡೆ.

ಕೊನೆಗೆ ಪಂಪ್ ಪೈ ಪಾಲಿಗೆ, ತೇವ ಅಳೆಯೋದು ಬೀಗಲ್ ಪಾಲಿಗೆ. ಪೈನ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೆದು, ಲಿನಕ್ಸ್ ಏಳುವ ಮೊದಲೇ ಜಿಪಿಐಒ 17 ಔಟ್‌ಪುಟ್ ಆಗಿ ಸೊನ್ನೆಯಲ್ಲಿರುವಂತೆ ಮಾಡಿದ್ದೇನೆ. ಆದರೆ ಪವರ್ ಬಂದು ಆ ಸಾಲನ್ನು ಓದುವವರೆಗೂ ಸ್ವಲ್ಪ ಹೊತ್ತು ಇದ್ದೇ ಇದೆ ಅಲ್ವಾ? ಅದಕ್ಕೇ 10 ಕಿಲೋ ಓಮ್ ರೆಸಿಸ್ಟರನ್ನು ಇನ್ನೂ ಕಿತ್ತಿಲ್ಲ.